ಬರದ ಸೀಮೆಯಿಂದ ಕಂಡ ವಿಹಾರನೌಕೆ

ಪೂರ್ವದ ಸಮುದ್ರಕ್ಕಾಗಲಿ ಪಶ್ಚಿಮದ ಸಮುದ್ರಕ್ಕಾಗಲಿ ಇನ್ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿರುವ, ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ ಮಳೆಯನ್ನು ಕಾಣುವ, ಶೇಂಗಾ ಬಿತ್ತಿ ಮುಗಿಲಿನತ್ತ ಮುಖ ಮಾಡಿ ಕೂರುವ ಆಂಧ್ರದ ರಾಯದುರ್ಗ, ಮಡಕಶಿರ ಸೀಮೆಗಳ ಕನ್ನಡಿಗನಿಗೆ ಹನ್ನೊಂದು ಅಂತಸ್ತಿನ ವಿಹಾರನೌಕೆಯೊಂದರ ವೃತ್ತಾಂತದಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಿಯಾರು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಆ ನೌಕೆಯ ವೈಭವವನ್ನು ಬದಿಗಿಟ್ಟು ಅದರ ಒಳಗನ್ನು ನೋಡಿದಾಗ, ಸುತ್ತಲೂ ಕಣ್ಣು ಹಾಯುವಷ್ಟು ದೂರ ನೀರಿದ್ದರೂ ಕುಡಿಯಲು ಒಂದು ಬೊಗಸೆಯೂ ದೊರೆಯದ ಸ್ಥಳದಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಜನರ ಊರೊಂದು ತನಗೆ ಬೇಕಾದ ನೀರನ್ನು ತಾನೇ ಮಾಡಿಕೊಂಡು, ಅಳೆದು ಬಳಸಿ, ಬಳಸಿದ್ದನ್ನು ಶುದ್ಧಿಗೊಳಿಸಿ ಬಿಡುವ ವ್ಯವಸ್ಥೆ ಅಲ್ಲಿ ಕಾಣಿಸುತ್ತದೆ. ಅದನ್ನು ಮೆಚ್ಚಬಲ್ಲವರು ನೀರಿನ ಬೆಲೆಯನ್ನು ತಲೆಮಾರುಗಳಿಂದ ತೆತ್ತು ಬಲ್ಲ ನಮ್ಮ ಜನರಲ್ಲದೆ ಮತ್ತೆ ಯಾರು?

ಹಾಗೆ ನೋಡಿದರೆ ಸಮುದ್ರಕ್ಕೂ ನಮಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. 1953ರ ಅಕ್ಟೋಬರಿನಲ್ಲಿ ಆಂಧ್ರ ರಾಜ್ಯ ರಚಿತವಾಗುವವರೆಗೆ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಬಳ್ಳಾರಿಯೂ, ಮಡಕಶಿರವನ್ನೊಳಗೊಂಡ ಅನಂತಪುರವೂ ಮದರಾಸು ಆಧಿಪತ್ಯದ ಭಾಗಗಳಾಗಿದ್ದುದರಿಂದ ನಮ್ಮ ಸಮುದ್ರದ್ವಾರವೆಂದರೆ ಮದರಾಸಿನ ಬಂದರೇ ಆಗಿದ್ದಿತು. 1926ರಿಂದ 1973ರವರೆಗೆ ಆ ಬಂದರಿನಿಂದ ಪೆನಾಂಗ್, ಸಿಂಗಪುರಗಳಿಗೆ ‘ರಜುಲಾ’ ಎಂಬ ಹಡಗು ಓಡಾಡುತ್ತಿತ್ತು. ದಕ್ಷಿಣ ದೇಶದ ಸಹಸ್ರಾರು ಬಡವರು ಅದರ ಬಯಲು ಹಲಗೆಯ ಮೇಲೆ ಚಾಪೆ ಹಾಸಿಕೊಂಡು ಹೊಟ್ಟೆಪಾಡಿಗಾಗಿ ಸಮುದ್ರವನ್ನು ದಾಟಿದರು. ಓದುಬಲ್ಲವರ ಸಮುದ್ರಯಾನ ಬೇರೆಯ ಬಗೆಯದು. ಕಡಲು ದಾಟಿದವನು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂಬ ನಂಬಿಕೆ ಸಡಿಲವಾಗುತ್ತ ಬಂದ ಕಾಲದಲ್ಲಿ, 1936ರಲ್ಲಿ, ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನ ವ್ಯಾಸಂಗಕ್ಕಾಗಿ ಹಡಗನ್ನೇರಿದುದರ ಫಲವಾಗಿ ಕನ್ನಡಕ್ಕೆ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಗ್ರಂಥವೂ ‘ಸಮುದ್ರ ಗೀತೆಗಳು’ ಎಂಬ ಕವಿತಾಸಂಗ್ರಹವೂ ದೊರೆತವು. ಆ ಗೋಕಾಕರೇ ಮುಂದೆ 1981ರಲ್ಲಿ ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ವಿದ್ಯಾಸಂಸ್ಥೆಯ ಪ್ರಥಮ ಕುಲಪತಿಗಳಾಗಿ ಬಂದು ನೆಲಸಿದರೆಂಬುದನ್ನು ನೆನೆದರೆ, ಕನ್ನಡದಲ್ಲಿ ಸಮುದ್ರವನ್ನು ಕಂಡು ಹಾಡಿದ ಕವಿಯು ನಮ್ಮ ಸೀಮೆಯ ಬಂಡೆಗಳ ನಡುವೆಯೂ ಕೆಲಕಾಲ ಬಾಳಿದನೆಂಬ ಸಂತೋಷ ನಮ್ಮದಾಗುತ್ತದೆ.

ಇವೆಲ್ಲ ಅಗತ್ಯದ ಪ್ರಯಾಣಗಳು. ಎಲ್ಲಿಗೋ ಹೋಗಬೇಕಾದ್ದರಿಂದ ಹಡಗು ಹತ್ತಿದವರ ಪ್ರಯಾಣಗಳು. ಎಲ್ಲಿಗೂ ಹೋಗಬೇಕಾಗಿಲ್ಲದಿದ್ದರೂ ಹಡಗಿನಲ್ಲಿರುವುದಕ್ಕಾಗಿಯೇ ಹಡಗು ಹತ್ತುವ ಪದ್ಧತಿಯನ್ನು ವ್ಯವಸ್ಥಿತವಾಗಿ ಆರಂಭಿಸಿದ ಕೀರ್ತಿ ಜರ್ಮನಿಯ ಹ್ಯಾಂಬರ್ಗ್ ನಗರದ ನೌಕೋದ್ಯಮಿ ಆಲ್ಬರ್ಟ್ ಬಾಲಿನ್‌ನಿಗೆ ಸಲ್ಲುತ್ತದೆ. ಚಳಿಗಾಲದ ಅಟ್ಲಾಂಟಿಕ್ ಸಾಗರದಲ್ಲಿ ಪ್ರಯಾಣಿಕರು ಕಡಿಮೆಯಾಗಿ ತನ್ನ ದೊಡ್ಡ ಹಡಗುಗಳು ಕೆಲಸವಿಲ್ಲದೆ ನಿಲ್ಲುವುದನ್ನು ಸಹಿಸಲಾರದೆ ಆತನು 1891ರ ಜನವರಿಯಲ್ಲಿ ‘ಆಗಸ್ಟಾ ವಿಕ್ಟೋರಿಯಾ’ ಎಂಬ ನೌಕೆಯನ್ನು ಮೆಡಿಟರೇನಿಯನ್ ಸಮುದ್ರದ ಸುತ್ತಾಟಕ್ಕೆ ಕಳುಹಿಸಿದನು. ಅದರ ಯಶಸ್ಸಿನಿಂದ ಪ್ರೇರಿತನಾಗಿ 1900ರಲ್ಲಿ ವಿಹಾರಕ್ಕೆಂದೇ ‘ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ’ ಎಂಬ ನೌಕೆಯನ್ನು ಕಟ್ಟಿಸಿದನು. ಆದರೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದು ಉಳ್ಳವರ ಹವ್ಯಾಸವಾಗಿಯೇ ಉಳಿಯಿತು. 1958ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಜೆಟ್ ವಿಮಾನಗಳ ಸಂಚಾರ ಮೊದಲಾಗಿ, ಐದಾರು ದಿನಗಳ ಪ್ರಯಾಣವು ಕೆಲವು ಗಂಟೆಗಳಿಗೆ ಇಳಿದಾಗ, ಹಡಗಿನ ಕಂಪನಿಗಳು ಒಂದೋ ಮುಚ್ಚಬೇಕು, ಇಲ್ಲವೇ ಹಡಗಿಗೆ ಬೇರೆ ಪ್ರಯೋಜನವನ್ನು ಹುಡುಕಬೇಕು ಎಂಬ ಸ್ಥಿತಿಗೆ ಬಂದವು. ಅಮೆರಿಕದ ಮಯಾಮಿ ಬಂದರನ್ನು ನೆಲೆಯಾಗಿಸಿಕೊಂಡು, ಬೆಚ್ಚನೆಯ ಕೆರಿಬಿಯನ್ ದ್ವೀಪಗಳ ನಡುವೆ ಮಧ್ಯಮವರ್ಗದವರನ್ನು ಸುತ್ತಾಡಿಸುವ ಉದ್ಯಮ 1960ರ ದಶಕದ ಉತ್ತರಾರ್ಧದಲ್ಲಿ ಬೆಳೆದದ್ದು ಈ ಸಂಕಟದಿಂದಲೇ. 1968ರಲ್ಲಿ ಸ್ಥಾಪಿತವಾದ ರಾಯಲ್ ಕೆರಿಬಿಯನ್ ಕಂಪನಿಯು ಆ ಉದ್ಯಮದ ಪ್ರಧಾನ ಶಾಖೆಗಳಲ್ಲೊಂದು.

ನಾವು ಸಮೀಪದಿಂದ ನೋಡಬೇಕೆಂದಿರುವ ನೌಕೆಯು ಆ ಕಂಪನಿಗಾಗಿ ಫ್ರಾನ್ಸಿನ ಸೇಂಟ್ ನಜೇರ್ ಎಂಬ ಪಟ್ಟಣದ ಪ್ರಸಿದ್ಧ ನೌಕಾಂಗಣದಲ್ಲಿ ಜನ್ಮ ತಾಳಿತು. ಮೊದಲು ಇದನ್ನು ಕಟ್ಟಲು ಹೇಳಿದ್ದು ಆಡ್ಮಿರಲ್ ಕ್ರೂಸಸ್ ಎಂಬ ಬೇರೊಂದು ಸಂಸ್ಥೆ. ಅವರು ಇಡಬೇಕೆಂದಿದ್ದ ಹೆಸರು ‘ಫ್ಯೂಚರ್ ಸೀಸ್’. ಆ ಸಂಸ್ಥೆಯು 1988ರಲ್ಲಿ ರಾಯಲ್ ಕೆರಿಬಿಯನ್ ಜೊತೆ ಸೇರಿಹೋದುದರಿಂದ ಹೆಸರೂ ಬದಲಾಗಿ, 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂದು ನಾಮಕರಣಗೊಂಡು ನೌಕೆಯು ಕಾರ್ಯಾರಂಭ ಮಾಡಿತು. ವಾರಗಟ್ಟಲೆ ರಜೆ ಸಿಗದ ಸಾಮಾನ್ಯ ನೌಕರರನ್ನು ಮೂರು ನಾಲ್ಕು ರಾತ್ರಿಗಳ ಪುಟ್ಟ ಪ್ರವಾಸಕ್ಕೆ ಕರೆದೊಯ್ಯುವುದಕ್ಕೆಂದೇ ರೂಪಿಸಿದ್ದು ಇದರ ವೈಶಿಷ್ಟ್ಯ. 2004ರಲ್ಲಿ ‘ಎಂಪ್ರೆಸ್ ಆಫ್ ದ ಸೀಸ್’ ಎಂದಾಯಿತು. 2008ರಲ್ಲಿ ಸ್ಪೇನಿನ ಪುಲ್ಮಾಂಟುರ್ ಸಂಸ್ಥೆಗೆ ಹೋಗಿ ಬರೀ ‘ಎಂಪ್ರೆಸ್’ ಎನಿಸಿಕೊಂಡಿತು. 2016ರಲ್ಲಿ ತವರು ಕಂಪನಿಗೆ ಮರಳಿ, ಮರುವರ್ಷ ಕ್ಯೂಬಾದ ಹವಾನಾ ಬಂದರಿಗೂ ಹೋಗಿ ಬಂದಿತು. ಕೋವಿಡ್ ಮಹಾಮಾರಿಯು ಜಗತ್ತಿನ ವಿಹಾರನೌಕೆಗಳನ್ನೆಲ್ಲ ಲಂಗರು ಹಾಕಿಸಿದ 2020ರ ಕೊನೆಯಲ್ಲಿ ಇದು ಮಾರಾಟವಾಯಿತು. ಮೂವತ್ತು ವರ್ಷ ದುಡಿದ ಹಡಗಿನ ಗತಿ ಸಾಮಾನ್ಯವಾಗಿ ಏನೆಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಅದೇ 1990ರಲ್ಲಿ ಇಟಲಿಯಲ್ಲಿ ನಿರ್ಮಿತವಾಗಿ, 2019ರಲ್ಲಿ ‘ಕರ್ನಿಕಾ’ ಎಂಬ ಹೆಸರಿನಿಂದ ಮುಂಬಯಿಯಲ್ಲಿ ನೆಲೆಗೊಂಡಿದ್ದ ಮತ್ತೊಂದು ವಿಹಾರನೌಕೆಯು ಕೋವಿಡ್ ಕಾಲದಲ್ಲಿ ಸಂಸ್ಥೆ ಮುಚ್ಚಿಹೋದುದರಿಂದ ಗುಜರಾತಿನ ಆಲಂಗ್ ತೀರವನ್ನು ಸೇರಿ ಬಿಡಿಬಿಡಿಯಾಗಿ ಒಡೆಯಲ್ಪಟ್ಟಿತು. ‘ಎಂಪ್ರೆಸ್’ಗೆ ಮಾತ್ರ ಇನ್ನೊಂದು ಆಯುಷ್ಯ ಲಭಿಸಿತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕ್ರೂಸಸ್ ಎಂಬ ಸಂಸ್ಥೆಯ ನೌಕೆಯಾಗಿ ಇದು ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆ ಸಂಚಾರ ತೊಡಗಿತು. 2022ರ ಜೂನ್ ತಿಂಗಳಲ್ಲಿ ಚೆನ್ನೈನಿಂದ ಹೊರಟು ನಮ್ಮ ರಾಜ್ಯದ ವಿಶಾಖಪಟ್ಟಣಕ್ಕೂ ಬಂದಿತು.

ಜೂನ್ ತಿಂಗಳಲ್ಲೇ ಪೂರ್ವತೀರಕ್ಕೆ ಬಂದುದಕ್ಕೆ ಕಾರಣವುಂಟು. ನೈಋತ್ಯ ಮಾರುತವು ಆ ತಿಂಗಳಲ್ಲಿ ಅರಬ್ಬೀ ಸಮುದ್ರವನ್ನು ಕಡೆದುಬಿಡುತ್ತದೆ. ಲಕ್ಷದ್ವೀಪದಂಥ ಸ್ಥಳಗಳಲ್ಲಿ ದೊಡ್ಡ ನೌಕೆ ದೂರದಲ್ಲಿ ನಿಂತು, ಪ್ರಯಾಣಿಕರನ್ನು ಸಣ್ಣ ದೋಣಿಗಳಿಗೆ ಇಳಿಸಿ ದಡ ಮುಟ್ಟಿಸಬೇಕಾಗುವುದರಿಂದ ಅಂಥ ಅಲೆಗಳಲ್ಲಿ ಅದು ಸಾಧ್ಯವೇ ಇಲ್ಲ. ಅದೇ ಮಾರುತವು ಪಶ್ಚಿಮ ಘಟ್ಟದ ಮೇಲೆ ತನ್ನ ನೀರನ್ನೆಲ್ಲ ಸುರಿದು, ಬರಿಯ ಗಾಳಿಯಾಗಿ ನಮ್ಮ ರಾಯದುರ್ಗದ ಎರೆಹೊಲಗಳ ಮೇಲೆ ಬೀಸಿಹೋಗುವುದನ್ನು ನಾವು ವರ್ಷ ವರ್ಷವೂ ಕಾಣುತ್ತೇವೆ.

ನೌಕೆಯ ಗಾತ್ರವನ್ನು ಗ್ರಹಿಸುವುದರಲ್ಲಿ ಓದುಗರಿಗೆ ಸಾಮಾನ್ಯವಾಗಿ ಒಂದು ತೊಡಕು ಎದುರಾಗುತ್ತದೆ. ‘ಎಂಪ್ರೆಸ್’ನ ಉದ್ದ ಸುಮಾರು 211 ಮೀಟರ್, ಅಗಲ ಮೂವತ್ತು ಮೀಟರಿಗೆ ತುಸು ಹೆಚ್ಚು, ಗ್ರಾಸ್ ಟನ್ನೇಜ್ 48,563. 1912ರಲ್ಲಿ ಮುಳುಗಿದ ‘ಟೈಟಾನಿಕ್’ 269 ಮೀಟರ್ ಉದ್ದವಿದ್ದರೂ ಅದರ ಟನ್ನೇಜ್ 46,328 ಮಾತ್ರ. ಐವತ್ತೆಂಟು ಮೀಟರ್ ಗಿಡ್ಡವಾದ ಹಡಗು ಹೆಚ್ಚು ಟನ್ನಿನದಾಗುವುದು ಹೇಗೆಂದರೆ, ಈ ಟನ್ನು ತೂಕದ ಅಳತೆಯೇ ಅಲ್ಲ. ಹಡಗಿನ ಒಳಗೆ ಮುಚ್ಚಿದ ಜಾಗ ಎಷ್ಟಿದೆಯೆಂಬುದರ ಲೆಕ್ಕ ಅದು. ಹಳೆಯ ಹಡಗು ಅಟ್ಲಾಂಟಿಕ್ಕಿನ ಅಲೆಗಳನ್ನು ಸೀಳಿ ವೇಗವಾಗಿ ಓಡಬೇಕಾದ್ದರಿಂದ ಉದ್ದವಾಗಿ, ತೆಳ್ಳಗೆ, ಆಳವಾಗಿ ಇರುತ್ತಿತ್ತು. ವಿಹಾರನೌಕೆಗೆ ಅವಸರವಿಲ್ಲ, ಅದರ ಪರಮಾವಧಿ ವೇಗ ಹತ್ತೊಂಬತ್ತೂವರೆ ನಾಟ್, ಅಂದರೆ ಗಂಟೆಗೆ ಸುಮಾರು 36 ಕಿಲೋಮೀಟರ್, ಬಳ್ಳಾರಿ ರಸ್ತೆಯ ಬಸ್ಸಿಗಿಂತಲೂ ಕಡಿಮೆ. ಆದುದರಿಂದ ಅದು ಅಗಲವಾಗಿ, ಎತ್ತರವಾಗಿ, ಪೆಟ್ಟಿಗೆಯ ಆಕಾರದಲ್ಲಿ ಬೆಳೆಯಿತು. ಇಷ್ಟೆತ್ತರದ ಕಟ್ಟಡವು ಏಳು ಮೀಟರಿನಷ್ಟು ಮಾತ್ರ ನೀರಿನೊಳಗಿದ್ದರೂ ಮಗುಚಿಕೊಳ್ಳದಿರಲು, ಎಂಜಿನ್, ಇಂಧನ, ನೀರಿನ ತೊಟ್ಟಿಗಳೆಂಬ ಭಾರದ ವಸ್ತುಗಳೆಲ್ಲ ತಳದಲ್ಲಿದ್ದು ಮೇಲಿನ ಅಂತಸ್ತುಗಳು ಹಗುರವಾಗಿರುವುದು ಒಂದು ಕಾರಣ; ನೀರಿನೊಳಗೆ ಎರಡು ಪಕ್ಕಕ್ಕೂ ರೆಕ್ಕೆಗಳನ್ನು ಚಾಚುವ ಯಂತ್ರವು ಓಲಾಟವನ್ನು ತಗ್ಗಿಸುತ್ತದೆ. ಇಂದಿನ ನೌಕೆಗಳ ಮುಂದೆ ಇದು ಚಿಕ್ಕದೇ. 2024ರಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ 365 ಮೀಟರ್ ಉದ್ದವಿದ್ದು, ಅದರ ಟನ್ನೇಜ್ ಎರಡೂವರೆ ಲಕ್ಷಕ್ಕೆ ಸಮೀಪವಾಗಿದೆ. ದೊಡ್ಡದಾಗುತ್ತ ಹೋಗುವುದೇ ಅಭಿವೃದ್ಧಿಯೆಂದು ನಾನು ಒಪ್ಪಲಾರೆ. ಸಣ್ಣ ದ್ವೀಪದ ಊರಿನಲ್ಲಿ ಒಂದೇ ಬೆಳಗ್ಗೆ ಆರೇಳು ಸಾವಿರ ಜನ ಇಳಿದರೆ ಆ ಊರಿನ ಗತಿಯೇನಾಗಬೇಕು?

ಇನ್ನು ನೀರಿನ ವಿಚಾರ. ತುಂಬಿದ ‘ಎಂಪ್ರೆಸ್’ನಲ್ಲಿ ಎರಡು ಸಾವಿರ ಪ್ರಯಾಣಿಕರೂ ಆರುನೂರೈವತ್ತಕ್ಕೆ ಮೇಲ್ಪಟ್ಟು ಸಿಬ್ಬಂದಿಯೂ ಇರಬಹುದು. ಇಂಥ ನೌಕೆಗಳಲ್ಲಿ ಸ್ನಾನ, ಅಡುಗೆ, ಬಟ್ಟೆ ಒಗೆತ, ಈಜುಕೊಳಗಳೆಲ್ಲ ಸೇರಿ ತಲೆಗೆ ದಿನವೊಂದಕ್ಕೆ ಇನ್ನೂರು ಲೀಟರಾದರೂ ಸಿಹಿನೀರು ಬೇಕೆಂದು ಹಿಡಿದರೆ, ದಿನದ ಬಾಬತು ಐದು ಲಕ್ಷ ಲೀಟರಿಗೂ ಮಿಕ್ಕುತ್ತದೆ. ಬೇಸಿಗೆಯಲ್ಲಿ ನಮ್ಮ ಹಳ್ಳಿಗಳಿಗೆ ಬರುವ ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರುಗಳಲ್ಲಿ ಹೇಳುವುದಾದರೆ ದಿನಕ್ಕೆ ನೂರು ಟ್ಯಾಂಕರು. ಗ್ರಾಮೀಣ ಮನೆಗಳಿಗೆ ನಲ್ಲಿ ನೀರು ಕೊಡುವ ಜಲಜೀವನ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ ನಿಗದಿಯಾಗಿರುವುದು 55 ಲೀಟರ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಾಗ ನಮ್ಮವರ ಮನಸ್ಸು ನೋಯುವುದು ಸಹಜ. ಆದರೂ ಆ ನೀರಿನ ಬಹುಪಾಲನ್ನು ಅವರು ಯಾವ ಕೆರೆಯಿಂದಲೂ ಕಸಿಯದೆ ಪಡೆಯುವ ಬಗೆಯನ್ನು ತಿಳಿಯತಕ್ಕದ್ದು. ಬಂದರಿನಲ್ಲಿ ತುಂಬಿಸಿಕೊಳ್ಳುವ ನೀರು ಒಂದು ಪಾಲು. ಉಳಿದ ಬಹುಪಾಲು ಕಡಲಿನದೇ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಮಿನಷ್ಟು ಉಪ್ಪು ಕರಗಿರುತ್ತದೆ. ಅದನ್ನು ಬೇರ್ಪಡಿಸಲು ಹಳೆಯದೂ ಸೊಗಸಾದುದೂ ಆದ ವಿಧಾನವೆಂದರೆ ಬಟ್ಟಿಯಿಳಿಸುವುದು. ಬಟ್ಟಿಯಿಳಿಸಬೇಕಾದರೆ ಬೆಂಕಿ ಬೇಕು, ಬೆಂಕಿಗೆ ಎಣ್ಣೆ ಬೇಕು. ನೂರು ಟ್ಯಾಂಕರು ನೀರನ್ನು ಕುದಿಸಲು ಎಷ್ಟು ಎಣ್ಣೆ ಬೇಕಾದೀತು! ಹಡಗಿನ ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉಪಾಯವು ಶ್ಲಾಘ್ಯವಾದುದು. ಹಡಗನ್ನು ನಡೆಸುವ ದೊಡ್ಡ ಡೀಸೆಲ್ ಎಂಜಿನುಗಳನ್ನು ತಂಪಾಗಿಡಲು ಅವುಗಳ ಸುತ್ತ ನೀರು ಹರಿಯುತ್ತಿರುತ್ತದೆ. ಆ ನೀರು ಎಂಭತ್ತು ಡಿಗ್ರಿಯ ಆಸುಪಾಸಿನಲ್ಲಿ ಬಿಸಿಯಾಗಿ ಹೊರಬರುತ್ತದೆ. ಈ ವ್ಯರ್ಥವಾಗತಕ್ಕ ಶಾಖವನ್ನೇ ಒಂದು ಮುಚ್ಚಿದ ಪಾತ್ರೆಯೊಳಗಿನ ಕಡಲನೀರಿಗೆ ಕೊಟ್ಟು, ಪಾತ್ರೆಯ ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿ ತೆಗೆಯುತ್ತಾರೆ. ಗಾಳಿಯ ಒತ್ತಡ ಇಳಿದಷ್ಟೂ ನೀರು ಕಡಿಮೆ ಉಷ್ಣದಲ್ಲೇ ಕುದಿಯುವುದೆಂಬುದು ಭೌತಶಾಸ್ತ್ರದ ನಿಯಮವಾದ್ದರಿಂದ, ಸಮುದ್ರದ ನೀರು ಅಲ್ಲಿ ನೂರು ಡಿಗ್ರಿಗೆ ಕಾಯದೆ ಐವತ್ತು ಡಿಗ್ರಿಯ ಸುತ್ತಮುತ್ತಲೇ ಕುದಿದು ಹಬೆಯಾಗುತ್ತದೆ. ಹಬೆಯು ತಂಪು ಕೊಳವೆಗಳಿಗೆ ತಾಗಿ ಸಿಹಿನೀರಾಗಿ ಇಳಿಯುತ್ತದೆ. ಮಿಕ್ಕ ಉಪ್ಪಿನ ಸಾಂದ್ರ ನೀರು ಸಮುದ್ರಕ್ಕೆ ಮರಳುತ್ತದೆ. ಹೀಗೆ ಹಡಗು ಮುಂದಕ್ಕೆ ಸಾಗುತ್ತಿರುವಾಗ ಅದರ ಸಾಗುವಿಕೆಯಿಂದಲೇ ನೀರು ಹುಟ್ಟುತ್ತಿರುತ್ತದೆ. ಅಷ್ಟು ಕಡಿಮೆ ಉಷ್ಣದಲ್ಲಿ ಕ್ರಿಮಿಗಳೆಲ್ಲ ಸಾಯುವುದಿಲ್ಲವಾದ್ದರಿಂದ ಆ ನೀರಿಗೆ ಕ್ಲೋರಿನ್ ಬೆರೆಸುವುದು ಕಡ್ಡಾಯ. ಬಂದರಿನ ಹತ್ತಿರದ ಕೊಳಕು ನೀರಿನಲ್ಲಿ ಈ ಕಾರ್ಯವನ್ನು ನಡೆಸುವುದೂ ಇಲ್ಲ. ಬಟ್ಟಿಯಿಳಿದ ನೀರಿಗೆ ರುಚಿಯಿಲ್ಲ; ಕೊಳವೆಗಳನ್ನೂ ಅದು ತಿನ್ನುತ್ತದೆ. ಅದಕ್ಕಾಗಿ ಸುಣ್ಣದ ಅಂಶವನ್ನು ಕೂಡಿಸಿ, ನಾಲಗೆಗೂ ಲೋಹಕ್ಕೂ ಒಗ್ಗುವಂತೆ ಮಾಡಿ, ಆಮೇಲೆ ಮೇಲಿನ ಅಂತಸ್ತುಗಳಿಗೆ ಏರಿಸುತ್ತಾರೆ.

ಎರಡನೆಯ ವಿಧಾನ ನಮ್ಮ ಜನರಿಗೆ ಪರಿಚಿತವೇ. ಕೊಳವೆಬಾವಿಗಳು ಆಳಕ್ಕೆ ಇಳಿದಂತೆಲ್ಲ ಫ್ಲೋರೈಡ್ ಏರುತ್ತ ಬಂದ ನಮ್ಮ ಸೀಮೆಯ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕದ ಮುಂದೆ ಇಪ್ಪತ್ತು ಲೀಟರಿನ ಕ್ಯಾನು ಹಿಡಿದು ನಿಂತವರು ತರುವ ‘ಫಿಲ್ಟರ್ ನೀರು’ ಯಾವ ಸೂಕ್ಷ್ಮ ಪೊರೆಯ ಮೂಲಕ ಹಾಯ್ದು ಬರುತ್ತದೆಯೋ, ಹೆಚ್ಚು ದೃಢವಾದ ಅಂಥ ಪೊರೆಯನ್ನೇ ಹಡಗಿನಲ್ಲಿಯೂ ಉಪಯೋಗಿಸುತ್ತಾರೆ. ಕಡಲನೀರಿನ ಉಪ್ಪು ಬಹಳವಾದ್ದರಿಂದ ನೀರನ್ನು ಪೊರೆಯ ಆಚೆಗೆ ದಾಟಿಸಲು ವಾಯುಮಂಡಲದ ಒತ್ತಡದ ಐವತ್ತು ಅರವತ್ತು ಪಟ್ಟು ಒತ್ತಡ ಬೇಕಾಗುತ್ತದೆ. ಗಳಿಸುವುದರಷ್ಟೇ ಉಳಿಸುವುದರಲ್ಲಿಯೂ ಅವರ ಬುದ್ಧಿ ಓಡಿದೆ. ಮನೆಯ ಶೌಚಾಲಯದಲ್ಲಿ ಒಮ್ಮೆಗೆ ಆರು ಲೀಟರೋ ಒಂಬತ್ತು ಲೀಟರೋ ಹರಿದುಹೋಗುವ ನೀರಿನ ಬದಲು, ಹಡಗಿನಲ್ಲಿ ಕೊಳವೆಯೊಳಗಿನ ಗಾಳಿಯನ್ನು ಹೀರುವ ಏರ್ಪಾಡಿನಿಂದ ಸುಮಾರು ಒಂದು ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಬೆಟ್ಟದ ಮೇಲೆ ಕೋಟೆ ಕಟ್ಟಿದ ನಮ್ಮ ಪಾಳೆಯಗಾರರು ಮಳೆಗಾಲದ ನೀರನ್ನು ಬಂಡೆಯ ದೊಣೆಗಳಲ್ಲಿ ಹಿಡಿದಿಟ್ಟು, ಮುತ್ತಿಗೆ ಬಿದ್ದಾಗ ಇಷ್ಟು ಜನಕ್ಕೆ ಇಷ್ಟು ತಿಂಗಳಿಗೆ ಎಂದು ಲೆಕ್ಕ ಹಾಕುತ್ತಿದ್ದಂತೆ, ಹಡಗಿನ ಎಂಜಿನಿಯರನೂ ದಿನದಿನದ ಉತ್ಪತ್ತಿಯನ್ನೂ ಖರ್ಚನ್ನೂ ತೊಟ್ಟಿಯ ಮಟ್ಟವನ್ನೂ ಪುಸ್ತಕದಲ್ಲಿ ಬರೆದಿಡುತ್ತಾನೆ.

ಇದನ್ನು ಓದಿ, ಹಾಗಾದರೆ ಕಡಲನೀರನ್ನೇ ಸಿಹಿಗೊಳಿಸಿ ನಮ್ಮೂರಿಗೂ ತರಬಾರದೇ ಎಂದು ಯಾರಿಗಾದರೂ ತೋಚಬಹುದು. ಹಡಗಿನಲ್ಲಿ ಅದು ಸಾಧ್ಯವಾಗುವುದು ಶಾಖವು ಪುಕ್ಕಟೆಯಾಗಿ ದೊರೆಯುವುದರಿಂದ, ನೀರು ಬಳಕೆಯ ಸ್ಥಳದಲ್ಲೇ ಹುಟ್ಟುವುದರಿಂದ. ಸಮುದ್ರಮಟ್ಟದಿಂದ ನೂರಾರು ಮೀಟರ್ ಎತ್ತರದಲ್ಲಿರುವ ನಮ್ಮ ಸೀಮೆಗೆ ಅದನ್ನು ಎತ್ತಿ ತರುವ ಖರ್ಚನ್ನು ಯಾವ ಬೆಳೆಯೂ ತೀರಿಸಲಾರದು. ಶ್ರೀಶೈಲದಿಂದ ಹಂದ್ರಿ-ನೀವಾ ಕಾಲುವೆಯಲ್ಲಿ ಕೃಷ್ಣೆಯನ್ನು ಹಂತಹಂತವಾಗಿ ಎತ್ತಿ, ಮಡಕಶಿರದ ಶಾಖಾಕಾಲುವೆಗೆ ಹರಿಸುವುದೇ ಎಷ್ಟು ವಿದ್ಯುತ್ತನ್ನು ಬೇಡುವ ಕಾರ್ಯವೆಂಬುದು ಇಲ್ಲಿನ ರೈತರಿಗೆ ಗೊತ್ತಿದೆ. ರಾಯದುರ್ಗದ ಕಡೆ ವೇದಾವತಿಗೆ ಕಟ್ಟಿದ ಭೈರವಾನಿತಿಪ್ಪ ಜಲಾಶಯವು ತುಂಬಬೇಕಾದರೆ ಮುಗಿಲೇ ಮನಸ್ಸು ಮಾಡಬೇಕು.

ಬಳಸಿದ ನೀರಿನ ಕಥೆ ಅಷ್ಟು ಉಜ್ಜ್ವಲವಾದುದಲ್ಲ. ಹಿಂದೆ ಹಡಗುಗಳು ಹೊಲಸನ್ನೆಲ್ಲ ಸಮುದ್ರಕ್ಕೇ ಸುರಿಯುತ್ತಿದ್ದವು. ಮಾರ್ಪೋಲ್ ಎಂದು ಹೆಸರಾದ, 1973ರಲ್ಲಿ ಒಪ್ಪಿತವಾಗಿ 1978ರಲ್ಲಿ ತಿದ್ದುಪಡಿಗೊಂಡ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಶುದ್ಧಿ ಮಾಡದ ಶೌಚದ ನೀರನ್ನು ತೀರದಿಂದ ಹನ್ನೆರಡು ನಾಟಿಕಲ್ ಮೈಲಿಯೊಳಗೆ ಬಿಡುವಂತಿಲ್ಲ. ಪ್ಲಾಸ್ಟಿಕ್ಕನ್ನು ಎಲ್ಲಿಯೂ ಎಸೆಯುವಂತಿಲ್ಲ. ಉತ್ತಮ ನೌಕೆಗಳಲ್ಲಿ ಸೂಕ್ಷ್ಮಜೀವಿಗಳಿಂದ ಹೊಲಸನ್ನು ಜೀರ್ಣಿಸಿ ಸೋಸುವ ಘಟಕಗಳೇ ಇವೆ. ಹೊಗೆಯ ವಿಷಯದಲ್ಲಿಯೂ 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕವು ಶೇಕಡ ಅರ್ಧವನ್ನು ಮೀರಬಾರದೆಂಬ ನಿಯಮ ಬಂದಿದೆ. ಇಷ್ಟಾದರೂ ಇಷ್ಟು ಜನರನ್ನು ವಿನೋದಕ್ಕಾಗಿ ಹೊತ್ತು ತಿರುಗಲು ಸುಡುವ ಎಣ್ಣೆಯು ಅಲ್ಪವಲ್ಲವೆಂಬುದನ್ನು ಮರೆಮಾಡುವುದು ಸರಿಯಲ್ಲ.

ನೌಕೆ ಹೊರಡುವ ಮುನ್ನ ನಡೆಯುವ ಒಂದು ವಿಧಿಯನ್ನು ಮಾತ್ರ ಹೇಳದೆ ಬಿಡಲಾಗದು. ಪ್ರತಿಯೊಬ್ಬ ಪ್ರಯಾಣಿಕನೂ ಅಪಾಯ ಬಂದರೆ ತಾನು ಯಾವ ಸ್ಥಳದಲ್ಲಿ ಕೂಡಬೇಕು, ತನ್ನ ಪ್ರಾಣರಕ್ಷಕ ಅಂಗಿಯನ್ನು ಹೇಗೆ ಕಟ್ಟಿಕೊಳ್ಳಬೇಕು, ಏಳು ಸಾರಿ ಚಿಕ್ಕದಾಗಿ ಒಂದು ಸಾರಿ ದೀರ್ಘವಾಗಿ ಮೊಳಗುವ ಸಂಕೇತ ಏನನ್ನು ಹೇಳುತ್ತದೆ ಎಂಬುದನ್ನು ಕಲಿತೇ ತೀರಬೇಕು. ಟೈಟಾನಿಕ್ ದುರಂತದ ಬೆನ್ನಿಗೆ 1914ರಲ್ಲಿ ರೂಪುಗೊಂಡ ಸಮುದ್ರಸುರಕ್ಷತೆಯ ಒಪ್ಪಂದವು ಎಲ್ಲರಿಗೂ ಸಾಲುವಷ್ಟು ದೋಣಿಗಳಿರಬೇಕೆಂದು ವಿಧಿಸಿತು. ಆದರೆ 2012ರ ಜನವರಿ 13ರ ರಾತ್ರಿ ಇಟಲಿಯ ಗಿಗ್ಲಿಯೋ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ತಾಗಿ ವಾಲಿದಾಗ, ಅದೇ ಸಂಜೆ ಹತ್ತಿದ್ದ ನೂರಾರು ಜನರಿಗೆ ಈ ಅಭ್ಯಾಸವಿನ್ನೂ ಆಗಿರಲಿಲ್ಲ; ಮೂವತ್ತೆರಡು ಜನ ಅಸುನೀಗಿದರು. ಹಡಗು ಹೊರಡುವ ಮೊದಲೇ ಅಥವಾ ಹೊರಟ ತಕ್ಷಣವೇ ಅಭ್ಯಾಸ ನಡೆಯಬೇಕೆಂಬ ಈಗಿನ ಕಟ್ಟುನಿಟ್ಟು ಆ ಬಳಿಕ ಬಂದದ್ದು.

ಇಂಥ ನೌಕೆಗಳನ್ನು ಕಾಣಲಿಚ್ಛಿಸುವ ನಮ್ಮ ಸೀಮೆಯವರಿಗೆ ಎರಡು ದಿಕ್ಕುಗಳಿವೆ. ವಿಶಾಖಪಟ್ಟಣದಲ್ಲಿ 2023ರ ಸೆಪ್ಟೆಂಬರಿನಲ್ಲಿ ವಿಹಾರನೌಕೆಗಳಿಗೆಂದೇ ಒಂದು ನಿಲ್ದಾಣ ಉದ್ಘಾಟನೆಯಾಯಿತು. ಕರ್ನಾಟಕದಲ್ಲಿ, 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ಪಣಂಬೂರಿನ ನವ ಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶೀ ನೌಕೆಗಳು ಬರುತ್ತವೆ. ಕೋವಿಡ್ ಅನಂತರ 2022ರ ನವೆಂಬರಿನಲ್ಲಿ ಜರ್ಮನ್ ಕಂಪನಿಯ ‘ಯುರೋಪಾ 2’ ಬಂದಿತು. ಅವುಗಳ ಪ್ರಯಾಣಿಕರು ಬೆಳಗ್ಗೆ ಇಳಿದು, ಕಾರ್ಕಳದ ಗೊಮ್ಮಟನನ್ನೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕುದ್ರೋಳಿಯ ದೇವಸ್ಥಾನವನ್ನೂ ನೋಡಿ, ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ನೊಳಂಬರ ರಾಜಧಾನಿಯಾಗಿದ್ದ ನಮ್ಮ ಹೇಮಾವತಿಯ ಕಪ್ಪುಶಿಲೆಯ ಕಂಬಗಳ ಕೆತ್ತನೆ ಅವಕ್ಕಿಂತ ಕಡಿಮೆಯದಲ್ಲವಾದರೂ ಒಂದು ಹಗಲಿನೊಳಗೆ ಘಟ್ಟ ಹತ್ತಿ ಇಲ್ಲಿಗೆ ಬಂದು ಮರಳುವುದು ಆಗದ ಮಾತು. ಇಲ್ಲಿಂದ ಅಲ್ಲಿಗೆ ಹೋಗುವವರಿಗೂ ದಾರಿ ಸುಲಭವಿಲ್ಲ. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರ, ಮಧುಗಿರಿಗಳ ಮೂಲಕ ತುಮಕೂರಿಗೆ ಮಂಜೂರಾಗಿರುವ 207 ಕಿಲೋಮೀಟರಿನ ರೈಲುಮಾರ್ಗವು ಪೂರ್ಣಗೊಂಡ ದಿನ, ನಮ್ಮ ಎರಡು ಸೀಮೆಗಳೂ ಒಂದೇ ಹಳಿಯ ಮೇಲೆ ಬಂದು, ತುಮಕೂರಿನಿಂದ ಅರಸೀಕೆರೆ, ಹಾಸನ, ಸುಬ್ರಹ್ಮಣ್ಯ ಮಾರ್ಗವಾಗಿ ಮಂಗಳೂರಿನ ಸಮುದ್ರವು ರೈಲಿನಲ್ಲೇ ನಮಗೆ ನಿಲುಕುವಂತಾಗುತ್ತದೆ.